ರೇಪಿಯರ್, ಫ್ರಿಗೇಟ್, ಬ್ರಾಡ್‌ಸೈಡ್: ಹಳೆಯ ಪುಸ್ತಕದ ಕತ್ತಿ, ಹಡಗು, ಅಚ್ಚುಹಾಳೆಯ ಪದಗಳನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ಹಳೆಯ ಇಂಗ್ಲಿಷ್ ಕಾದಂಬರಿ, ಸಮುದ್ರದ ಕಥೆ, ಯುರೋಪಿನ ಚರಿತ್ರೆ ಓದುವವರು ಮತ್ತೆ ಮತ್ತೆ ಇದನ್ನೇ ಕೇಳುತ್ತಾರೆ. ರೇಪಿಯರ್ ಅಂದ್ರೂ ಕತ್ತಿ, ಸೇಬರ್ ಅಂದ್ರೂ ಕತ್ತಿ, ಕಟ್ಲಾಸ್ ಅಂದ್ರೂ ಕತ್ತಿ ಅಂತ ನಿಘಂಟು ಹೇಳುತ್ತೆ, ಹಾಗಾದ್ರೆ ವ್ಯತ್ಯಾಸ ಏನು? ಸ್ಲೂಪ್, ಬ್ರಿಗ್, ಫ್ರಿಗೇಟ್ ಎಲ್ಲಾ ಹಡಗೇ ಆದ್ರೆ ಇಷ್ಟೊಂದು ಹೆಸರು ಯಾಕೆ? ಬ್ರಾಡ್‌ಸೈಡ್ ಅಂತ ಒಂದು ಕಡೆ ಫಿರಂಗಿಗೆ ಹೇಳ್ತಾರೆ, ಇನ್ನೊಂದು ಕಡೆ ಕಾಗದಕ್ಕೆ ಹೇಳ್ತಾರೆ, ಯಾವುದು ಸರಿ?

ಒಂದೊಂದು ಪದಕ್ಕೆ ಒಂದೊಂದು ಉತ್ತರ ಬರೆಯುತ್ತಾ ಹೋದರೆ ಮುಗಿಯುವುದೇ ಇಲ್ಲ. ಪದ ಎದುರಾದಾಗ ನೀವೇ ಅರ್ಥ ಹಿಡಿಯುವ ದಾರಿ ತಿಳಿದರೆ ಒಳ್ಳೆಯದು. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಈ ಪದಗಳಿಗೆ ಶಾಶ್ವತವಾದ ಒಂದೇ ಅರ್ಥ ಇಲ್ಲ. ಅರ್ಥ ಕಾಲದ ಜೊತೆ ಬದಲಾಗಿದೆ. ಹಾಗಾಗಿ ಇಸವಿ ಗೊತ್ತಿಲ್ಲದೆ ಅರ್ಥ ಹುಡುಕಲು ಹೊರಡಬೇಡಿ.

ಶುರು ಮಾಡುವ ಮೊದಲು ಬೇಕಾದದ್ದು

ಜಾಸ್ತಿ ಏನೂ ಬೇಡ. ನೀವು ಓದುತ್ತಿರುವ ಪುಸ್ತಕ ಮೊದಲು ಅಚ್ಚಾದ ಇಸವಿ, ಗುರುತು ಹಾಕಿಕೊಳ್ಳಲು ಒಂದು ನೋಟ್‌ಬುಕ್, ಮತ್ತು ಚಾರಿತ್ರಿಕ ನಿಘಂಟು ಒಂದು. ಚಾರಿತ್ರಿಕ ನಿಘಂಟು ಅಂದರೆ ಪದದ ಇವತ್ತಿನ ಅರ್ಥವನ್ನಷ್ಟೇ ಕೊಡದೆ, ಯಾವ ಕಾಲದಲ್ಲಿ ಯಾವ ಅರ್ಥ ಇತ್ತು ಎಂದು ಹಳೆಯ ವಾಕ್ಯಗಳ ಸಮೇತ ತೋರಿಸುವ ನಿಘಂಟು. ಇಂಗ್ಲಿಷಿನಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಈ ಜಾತಿಯದು. ಅದರ ಮೊದಲ ಕಂತು ಹೊರಬಂದದ್ದು 1884ರಲ್ಲಿ, ಪೂರ್ತಿಯಾದದ್ದು 1928ರಲ್ಲಿ. ಅಷ್ಟು ವರ್ಷ ಹಿಡಿದದ್ದು ಯಾಕೆ ಎಂದು ಅದರ ಒಂದು ಪುಟ ತೆರೆದರೆ ತಿಳಿಯುತ್ತದೆ. ಪ್ರತಿ ಅರ್ಥದ ಕೆಳಗೂ ಇಸವಿ ಹಾಕಿದ ಉದಾಹರಣೆಗಳಿವೆ.

ಶಾಲೆಯ ಇಂಗ್ಲಿಷ್–ಕನ್ನಡ ನಿಘಂಟು ಈ ಕೆಲಸಕ್ಕೆ ಸಾಲದು. ಅದು ಇರುವುದು ಇವತ್ತಿನ ಬಳಕೆಗೆ.

1. ಮೊದಲು ಇಸವಿ ಹಿಡಿಯಿರಿ

ಇಲ್ಲಿ ಎರಡು ಇಸವಿಗಳಿವೆ. ಒಂದು ಕಥೆ ನಡೆಯುವ ಕಾಲ, ಇನ್ನೊಂದು ಅದನ್ನು ಬರೆದ ಕಾಲ. ಪದದ ಅರ್ಥವನ್ನು ಬರೆದವನ ಕಾಲದಿಂದ ತೆಗೆದುಕೊಳ್ಳಬೇಕು. 1850ರಲ್ಲಿ ಕುಳಿತವನು 1200ರ ಕಥೆ ಬರೆದು ನಾಯಕನ ಕೈಗೆ ಬ್ರಾಡ್‌ಸ್ವರ್ಡ್ ಕೊಟ್ಟರೆ, ಅದು 1850ರವರ ಬಾಯಲ್ಲಿದ್ದ ಮಾತು. 1200ರ ಯೋಧ ತನ್ನ ಕತ್ತಿಯನ್ನು ಬರೀ ಕತ್ತಿ ಎಂದೇ ಕರೆಯುತ್ತಿದ್ದ.

ಇಸವಿ ತಪ್ಪಿದರೆ ಎಂಥ ಎಡವಟ್ಟಾಗುತ್ತದೆ ಎನ್ನುವುದಕ್ಕೆ ಟಾರ್ಪಿಡೋ ಒಳ್ಳೆಯ ಉದಾಹರಣೆ. ಅಮೆರಿಕದ ಅಂತರ್ಯುದ್ಧದಲ್ಲಿ, 1864ರ ಮೊಬೈಲ್ ಕೊಲ್ಲಿಯ ಕಾಳಗದ ವರ್ಣನೆಯಲ್ಲಿ ಈ ಪದ ಬರುತ್ತದೆ. ಇವತ್ತಿನ ಅರ್ಥ ಇಟ್ಟುಕೊಂಡು ಓದಿದರೆ ನೀರೊಳಗೆ ನುಗ್ಗಿ ಬರುವ ಆಯುಧ ಕಣ್ಣಿಗೆ ಕಟ್ಟುತ್ತದೆ. ಆದರೆ ಅಲ್ಲಿದ್ದದ್ದು ನೀರಿನಲ್ಲಿ ಕಟ್ಟಿ ಬಿಟ್ಟಿದ್ದ ಸಿಡಿಮದ್ದಿನ ಪೀಪಾಯಿಗಳು, ನಾವು ಈಗ ಮೈನ್ ಎನ್ನುತ್ತೇವಲ್ಲ, ಅವು. ತಾನೇ ಚಲಿಸುವ ಟಾರ್ಪಿಡೋ ಇಂಗ್ಲಿಷ್ ಎಂಜಿನಿಯರ್ ರಾಬರ್ಟ್ ವೈಟ್‌ಹೆಡ್ ಕೈಯಲ್ಲಿ ರೂಪುಗೊಂಡದ್ದು 1866ರಲ್ಲಿ. ಪದ ಅದೇ, ವಸ್ತು ಪೂರ್ತಿ ಬೇರೆ.

2. ಪದ ಯಾವ ಲೋಕದ್ದು ನೋಡಿ

ಒಂದೇ ಪದ ಕತ್ತಿಯ ಲೋಕದಲ್ಲೂ, ಹಡಗಿನ ಲೋಕದಲ್ಲೂ, ಅಚ್ಚುಮನೆಯಲ್ಲೂ ಓಡಾಡಿಕೊಂಡಿರಬಹುದು. ಆದ್ದರಿಂದ ವಾಕ್ಯದ ಹಿಂದು ಮುಂದು ನೋಡದೆ ನಿಘಂಟು ತೆರೆಯಬೇಡಿ.

ಬ್ರಾಡ್‌ಸೈಡ್ ಪದವನ್ನೇ ತೆಗೆದುಕೊಳ್ಳಿ. ನೇರ ಅರ್ಥ ಅಗಲವಾದ ಪಕ್ಕ. ಹಡಗಿನ ವಿಷಯದಲ್ಲಿ ಇದಕ್ಕೆ ಕನಿಷ್ಠ ಮೂರು ಅರ್ಥಗಳಿವೆ. ಮೊದಲನೆಯದು ಹಡಗಿನ ಉದ್ದನೆಯ ಪಕ್ಕ. ಎರಡನೆಯದು ಆ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿದ ಅಷ್ಟೂ ಫಿರಂಗಿಗಳು. ಮೂರನೆಯದು ಆ ಫಿರಂಗಿಗಳನ್ನು ಒಟ್ಟಿಗೆ ಹಾರಿಸುವುದು. ಹಾಯಿಹಡಗಿನ ಕಾಲದಲ್ಲಿ ಫಿರಂಗಿಗಳು ಮುಖ್ಯವಾಗಿ ಎಡಕ್ಕೆ, ಬಲಕ್ಕೆ ಮುಖ ಮಾಡಿರುತ್ತಿದ್ದವು. ಮುಂದಕ್ಕೆ ಹಾರಿಸಲು ಒಂದೆರಡು ಇದ್ದರೆ ಹೆಚ್ಚು. ಹಾಗಾಗಿ ಶತ್ರುವಿಗೆ ಪಕ್ಕ ತಿರುಗಿಸಿ ನಿಲ್ಲುವುದೇ ಯುದ್ಧದ ಭಂಗಿ. ಮುಖ ಅಥವಾ ಬೆನ್ನು ತೋರಿಸಿದ ಹಡಗು ಏಟು ತಿನ್ನುತ್ತಿತ್ತು, ತಿರುಗಿಸಿ ಕೊಡಲು ಆಗುತ್ತಿರಲಿಲ್ಲ.

ಅಚ್ಚುಮನೆಯಲ್ಲಿ ಬ್ರಾಡ್‌ಸೈಡ್ ಅಂದರೆ ಮಡಚದೆ, ಒಂದೇ ಮಗ್ಗುಲಿಗೆ ಅಚ್ಚು ಹಾಕಿದ ಇಡೀ ಹಾಳೆ. ಗೋಡೆಗೆ ಅಂಟಿಸಲು, ಬೀದಿಯಲ್ಲಿ ಮಾರಲು, ಕೂಡಿದ ಜನಕ್ಕೆ ಓದಿ ಹೇಳಲು ಮಾಡಿದ್ದು. ಅಮೆರಿಕದ ಸ್ವಾತಂತ್ರ್ಯ ಘೋಷಣೆ ಜನರ ಕೈಗೆ ಮೊದಲು ಬಂದದ್ದು ಇದೇ ರೂಪದಲ್ಲಿ. 1776ರ ಜುಲೈ 4ರ ರಾತ್ರಿ ಫಿಲಡೆಲ್ಫಿಯಾದ ಮುದ್ರಕ ಜಾನ್ ಡನ್ಲಪ್ ಅದನ್ನು ಹಾಳೆಗಳಾಗಿ ಅಚ್ಚು ಹಾಕಿದ. ಸುಮಾರು 200 ಪ್ರತಿ ಹಾಕಿರಬಹುದು ಎಂದು ಅಂದಾಜು. ಈಗ ಉಳಿದಿರುವುದು 26 ಎಂದು ಲೆಕ್ಕ. ಇವನ್ನು ಡನ್ಲಪ್ ಬ್ರಾಡ್‌ಸೈಡ್ ಎಂದೇ ಕರೆಯುತ್ತಾರೆ. ಫಿರಂಗಿಗೂ ಇದಕ್ಕೂ ಸಂಬಂಧ ಇಲ್ಲ.

ಇವೆರಡರ ಜೊತೆಗೆ ಮಾತಿನ ದಾಳಿ ಎಂಬ ಅರ್ಥವೂ ಸೇರಿಕೊಂಡಿತು. ರಾಜಕಾರಣಿಯೊಬ್ಬ ಎದುರಾಳಿಯ ಮೇಲೆ ಬ್ರಾಡ್‌ಸೈಡ್ ಹಾರಿಸಿದ ಎಂದು ಪತ್ರಿಕೆಯಲ್ಲಿ ಬಂದರೆ ಅದು ಹಡಗಿನ ಕಡೆಯಿಂದ ಬಂದ ರೂಪಕ.

ವಾಕ್ಯದಲ್ಲಿರುವ ಕ್ರಿಯಾಪದ ಇಲ್ಲಿ ಸಹಾಯಕ್ಕೆ ಬರುತ್ತದೆ. ಬ್ರಾಡ್‌ಸೈಡ್ ಅನ್ನು ಹಾರಿಸಿದರಾ, ಮಾರಿದರಾ, ಅಂಟಿಸಿದರಾ? ಅಷ್ಟು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

3. ಕತ್ತಿಯಾದರೆ ಈ ನಾಲ್ಕು ಪ್ರಶ್ನೆ ಕೇಳಿ

ಇರಿಯುವುದಕ್ಕೋ, ಕಡಿಯುವುದಕ್ಕೋ? ಒಂದು ಬಾಯಿಯದೋ, ಇಬ್ಬಾಯಿಯದೋ? ಒಂದು ಕೈಯಲ್ಲಿ ಹಿಡಿಯುವುದೋ, ಎರಡು ಕೈಯಲ್ಲೋ? ಯಾರ ಸೊಂಟದಲ್ಲಿದೆ? ನಾಲ್ಕಕ್ಕೂ ಉತ್ತರ ಸಿಕ್ಕರೆ ಹೆಸರು ತಾನಾಗಿ ಜಾಗಕ್ಕೆ ಬೀಳುತ್ತದೆ.

ರೇಪಿಯರ್: ಉದ್ದ, ಸಪೂರ, ಮುಖ್ಯವಾಗಿ ಇರಿಯುವುದಕ್ಕೆ. 16, 17ನೇ ಶತಮಾನದ್ದು. ಕೈ ಕಾಯಲು ಹಿಡಿಯ ಸುತ್ತ ಲೋಹದ ಬಳೆಗಳು ಹೆಣೆದುಕೊಂಡಿರುತ್ತವೆ. ಸೈನಿಕರಿಗಿಂತ ಹೆಚ್ಚಾಗಿ ಪಟ್ಟಣದ ಗೃಹಸ್ಥರು, ಉಡುಪಿನ ಭಾಗವಾಗಿ ಧರಿಸುತ್ತಿದ್ದರು. ದ್ವಂದ್ವಯುದ್ಧದ ಕಥೆಗಳಲ್ಲಿ ಬರುವುದು ಇದೇ.

ಸ್ಮಾಲ್‌ಸ್ವರ್ಡ್: ರೇಪಿಯರ್‌ನ ನಂತರ ಬಂದದ್ದು. ಇನ್ನೂ ಹಗುರ, ಇನ್ನೂ ಗಿಡ್ಡ. 17ನೇ ಶತಮಾನದ ಕೊನೆಯಿಂದ 18ನೇ ಶತಮಾನದುದ್ದಕ್ಕೂ ದೊಡ್ಡ ಮನುಷ್ಯರ ಸೊಂಟದಲ್ಲಿ ನೇತಾಡಿದ್ದು. ಹೆಸರು ನೋಡಿ ಸುಮ್ನೆ ಚಿಕ್ಕ ಕತ್ತಿ ಅಂದುಕೊಳ್ಳಬೇಡಿ, ಇದು ಒಂದು ಜಾತಿಯ ಹೆಸರು.

ಬ್ರಾಡ್‌ಸ್ವರ್ಡ್: ಸ್ಮಾಲ್‌ಸ್ವರ್ಡ್‌ಗೆ ಎದುರಾಗಿ ನಿಂತ ಪದ. ಸಪೂರ ಕತ್ತಿ ಚಾಲ್ತಿಯಲ್ಲಿದ್ದ ಕಾಲದಲ್ಲಿ ಅಗಲ ಅಲಗಿನ, ಕಡಿಯುವ ಸೈನಿಕ ಕತ್ತಿಗೆ ಹೀಗೆನ್ನುತ್ತಿದ್ದರು. ಹಿಡಿಗೆ ಹೆಚ್ಚಾಗಿ ಬುಟ್ಟಿಯಾಕಾರದ ಕಾಪು ಇರುತ್ತದೆ. ಇದಕ್ಕೆ ಒಂದೇ ಬಾಯಿ ಇದ್ದು ಬೆನ್ನು ಮೊಂಡಾಗಿದ್ದರೆ ಬ್ಯಾಕ್‌ಸ್ವರ್ಡ್.

ಸೇಬರ್: ಬಾಗಿದ, ಒಂದು ಬಾಯಿಯ ಕತ್ತಿ. ಪೂರ್ವ ಯುರೋಪಿನ ಕುದುರೆ ಸವಾರರಿಂದ ಪಶ್ಚಿಮಕ್ಕೆ ಬಂದದ್ದು. ಪದದ ಬೇರು ಕೂಡ ಹಂಗೇರಿ, ಪೋಲೆಂಡ್ ಕಡೆಯದು. ಸವಾರ ಓಡುವ ಕುದುರೆಯ ಮೇಲಿಂದ ಬೀಸಿ ಕಡಿಯುತ್ತಾನೆ, ಬಾಗು ಅದಕ್ಕೆ ಅನುಕೂಲ. ಪುಸ್ತಕದಲ್ಲಿ ಕುದುರೆ ದಂಡು ಬಂದರೆ ಜೊತೆಗೆ ಸೇಬರ್ ಬರುವುದನ್ನು ನಿರೀಕ್ಷಿಸಿ.

ಕಟ್ಲಾಸ್: ನಾವಿಕರ ಕತ್ತಿ. ಗಿಡ್ಡ, ಅಗಲ, ದಪ್ಪ. ಹಡಗಿನ ಮೇಲೆ ಹಗ್ಗ, ಕಂಬ, ಜನ ಎಲ್ಲಾ ಕಿಕ್ಕಿರಿದಿರುವಾಗ ಉದ್ದನೆಯ ಕತ್ತಿ ಬೀಸಲು ಜಾಗ ಎಲ್ಲಿ? ಗಿಡ್ಡದ್ದೇ ಕೆಲಸಕ್ಕೆ ಬರುವುದು. ಹೆಸರಿನಲ್ಲಿ ‘ಕಟ್’ ಅಂದರೆ ಕಡಿ ಎಂಬ ಪದ ಅಡಗಿದೆ ಎಂದು ಹಲವರು ತಿಳಿಯುತ್ತಾರೆ. ಹಾಗಿಲ್ಲ. ಅದು ಫ್ರೆಂಚಿನ ಕೂತಲಾ ಎಂಬ ಪದದಿಂದ, ಅದಕ್ಕೂ ಹಿಂದೆ ಲ್ಯಾಟಿನ್‌ನಲ್ಲಿ ಚೂರಿ ಎಂಬರ್ಥದ ಪದದಿಂದ ಬಂದದ್ದು.

ಹ್ಯಾಂಗರ್: ಇದು ಬಟ್ಟೆ ತೂಗುಹಾಕುವ ವಸ್ತುವಲ್ಲ. ಬೆಲ್ಟಿನಿಂದ ತೂಗುವ ಗಿಡ್ಡ ಕತ್ತಿ. ಕಾಲಾಳುಗಳು, ಬೇಟೆಗಾರರು, ಹಡಗಿನ ಅಧಿಕಾರಿಗಳು ಇಟ್ಟುಕೊಳ್ಳುತ್ತಿದ್ದರು.

ಸಿಮಿಟರ್: ಇದರ ಬಗ್ಗೆ ಎಚ್ಚರ. ಇದು ಒಂದು ನಿರ್ದಿಷ್ಟ ಕತ್ತಿಯ ಹೆಸರೇ ಅಲ್ಲ. ಪೂರ್ವದ ದೇಶಗಳ ಯಾವುದೇ ಬಾಗಿದ ಕತ್ತಿಗೆ ಯುರೋಪಿನವರು ಒಟ್ಟಾರೆಯಾಗಿ ಹಚ್ಚಿದ ಹೆಸರು. ಪರ್ಷಿಯಾದ ಶಂಶೀರ್, ತುರ್ಕರ ಕಿಲಿಜ್, ಭಾರತದ ತಲವಾರ್ ಬೇರೆ ಬೇರೆ ಕತ್ತಿಗಳು. ಆದರೂ ಹಳೆಯ ಪುಸ್ತಕದಲ್ಲಿ ಎಲ್ಲವೂ ಸಿಮಿಟರ್ ಆಗಿಬಿಡುತ್ತವೆ. ಬರೆದವನು ಯಾವ ದೇಶದವರ ಬಗ್ಗೆ ಹೇಳುತ್ತಿದ್ದಾನೆ ಎಂದು ನೋಡಿ ನಿಜವಾದ ಹೆಸರನ್ನು ನೀವೇ ಹುಡುಕಬೇಕು.

ಕ್ಲೇಮೋರ್: ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ದೊಡ್ಡ ಕತ್ತಿ ಎಂದರ್ಥ. ಮೊದಲು ಎರಡು ಕೈಯ ಉದ್ದ ಕತ್ತಿಗೆ ಸಲ್ಲುತ್ತಿದ್ದ ಹೆಸರನ್ನು ಆಮೇಲೆ ಬುಟ್ಟಿ ಹಿಡಿಯ, ಒಂದು ಕೈಯ ಬ್ರಾಡ್‌ಸ್ವರ್ಡ್‌ಗೂ ಅಂಟಿಸಿದರು. 18ನೇ ಶತಮಾನದ ಹೈಲ್ಯಾಂಡ್ ಸೈನಿಕನ ಕೈಯಲ್ಲಿ ಕ್ಲೇಮೋರ್ ಇದ್ದರೆ ಸಾಮಾನ್ಯವಾಗಿ ಅದು ಎರಡನೆಯದು. 20ನೇ ಶತಮಾನದ ಯುದ್ಧಕಥೆಯಲ್ಲಿ ಕ್ಲೇಮೋರ್ ಬಂದರೆ ಅದು ಕತ್ತಿಯೇ ಅಲ್ಲ, ನೆಲದ ಮೇಲೆ ನಿಲ್ಲಿಸುವ ಸಿಡಿಮದ್ದು.

ಫ್ಯಾಲ್ಷನ್ ಅನ್ನುವುದು ಮಧ್ಯಯುಗದ, ಒಂದು ಬಾಯಿಯ, ಅಗಲ ಅಲಗಿನ ಕತ್ತಿ. ಟಕ್ ಅಥವಾ ಎಸ್ಟಾಕ್ ಕವಚದ ಸಂದಿಗೆ ಚುಚ್ಚಲು ಮಾಡಿದ ಗಟ್ಟಿ ಮೊನೆಯ ಕತ್ತಿ, ಅದಕ್ಕೆ ಕಡಿಯುವ ಬಾಯಿ ಹೆಸರಿಗಷ್ಟೇ. ಈ ಎರಡು ಪದ ಅಪರೂಪಕ್ಕೆ ಸಿಗುತ್ತವೆ, ಗೊತ್ತಿದ್ದರೆ ಸಾಕು.

ಭಾಗಗಳ ಹೆಸರಿನಲ್ಲಿ ಒಂದು ತಪ್ಪು ಎಲ್ಲೆಡೆ ಹಬ್ಬಿದೆ. ಅಲಗಿನ ಮಧ್ಯೆ ಉದ್ದಕ್ಕೆ ಇರುವ ತಗ್ಗು ಗೆರೆಗೆ ಫುಲರ್ ಎನ್ನುತ್ತಾರೆ. ಕೆಲವು ಪುಸ್ತಕಗಳಲ್ಲಿ ಇದನ್ನು ರಕ್ತ ಹರಿಯುವ ಕಾಲುವೆ ಎಂದು ಬರೆದಿರುವುದುಂಟು. ರಕ್ತಕ್ಕೂ ಅದಕ್ಕೂ ಸಂಬಂಧವಿಲ್ಲ. ಗಟ್ಟಿತನ ಕಳೆಯದೆ ಅಲಗಿನ ತೂಕ ಇಳಿಸುವುದಕ್ಕೆ ಅದು. ಹಾಗೆಯೇ ಹಳೆಯ ಕತ್ತಿಗಳು ಎತ್ತಲಾಗದಷ್ಟು ಭಾರ ಅನ್ನುವುದೂ ಸುಳ್ಳು. ಮಧ್ಯಯುಗದ ಒಂದು ಕೈಯ ಕತ್ತಿ ಸಾಮಾನ್ಯವಾಗಿ 1ರಿಂದ 1.5 ಕಿಲೋ ತೂಗುತ್ತಿತ್ತು. ಅದಕ್ಕಿಂತ ಭಾರವಾದದ್ದನ್ನು ಒಂದು ಕೈಯಲ್ಲಿ ಹಿಡಿದು ದಿನವಿಡೀ ಕಾದಾಡಲು ಯಾರಿಂದಲೂ ಆಗದು, ಅಲ್ವಾ?

4. ಹಡಗಾದರೆ ಕಂಬ ಎಣಿಸಿ, ಆಮೇಲೆ ಫಿರಂಗಿ ಎಣಿಸಿ

ಮೊದಲ ಬಲೆ ‘ಶಿಪ್’ ಎಂಬ ಪದವೇ. ನಮಗೆ ಅದು ಯಾವುದೇ ಹಡಗು. ಹಾಯಿ ಕಾಲದ ನಾವಿಕನಿಗೆ ಹಾಗಲ್ಲ. ಮೂರು ಹಾಯಿಕಂಬ ಇದ್ದು, ಮೂರರಲ್ಲೂ ಅಡ್ಡಲಾಗಿ ಕಟ್ಟಿದ ಚೌಕ ಹಾಯಿ ಇದ್ದರೆ ಮಾತ್ರ ಅದು ಶಿಪ್. ಎರಡು ಕಂಬ, ಎರಡರಲ್ಲೂ ಚೌಕ ಹಾಯಿ ಇದ್ದರೆ ಬ್ರಿಗ್. ಒಂದೇ ಕಂಬ, ಉದ್ದಕ್ಕೆ ಕಟ್ಟಿದ ಹಾಯಿ ಇದ್ದರೆ ಸ್ಲೂಪ್. ಹಳೆಯ ಕಥೆಯಲ್ಲಿ ‘ಅದು ಶಿಪ್ ಅಲ್ಲ, ಬ್ರಿಗ್’ ಎಂದು ಒಬ್ಬ ಇನ್ನೊಬ್ಬನನ್ನು ತಿದ್ದಿದರೆ ಗೊಂದಲ ಬೇಡ. ಅವನು ಕಂಬ ಎಣಿಸಿ ಹೇಳುತ್ತಿದ್ದಾನೆ.

ಎರಡನೇ ಬಲೆಯೂ ಸ್ಲೂಪ್‌ನಲ್ಲೇ ಇದೆ. ಬ್ರಿಟಿಷ್ ನೌಕಾಪಡೆಯಲ್ಲಿ ಸ್ಲೂಪ್ ಅಂದರೆ ಕಂಬದ ಲೆಕ್ಕವಲ್ಲ, ದರ್ಜೆಯ ಲೆಕ್ಕ. ಸುಮಾರು 20ಕ್ಕಿಂತ ಕಡಿಮೆ ಫಿರಂಗಿಯ, ಕಮಾಂಡರ್ ದರ್ಜೆಯ ಅಧಿಕಾರಿ ನಡೆಸುವ ಯುದ್ಧನೌಕೆ ಅದು. ಅದಕ್ಕೆ ಎರಡು ಕಂಬ ಇರಬಹುದು, ಮೂರೂ ಇರಬಹುದು. ವ್ಯಾಪಾರಿಯ ಸ್ಲೂಪ್ ಬೇರೆ, ನೌಕಾಪಡೆಯ ಸ್ಲೂಪ್ ಬೇರೆ. ಹಡಗು ಯಾರದ್ದು ಅನ್ನುವುದನ್ನು ಮೊದಲು ನೋಡಿ.

ಇನ್ನು ಫಿರಂಗಿ. ‘74 ಗನ್’ ಎಂದಿದ್ದರೆ ಅವು ಬಂದೂಕಲ್ಲ, ಫಿರಂಗಿಗಳು. 18ನೇ ಶತಮಾನದ ಬ್ರಿಟಿಷ್ ನೌಕಾಪಡೆ ಈ ಸಂಖ್ಯೆಯ ಮೇಲೆ ಹಡಗುಗಳನ್ನು ಆರು ದರ್ಜೆಯಾಗಿ ವಿಂಗಡಿಸಿತ್ತು. ಅದಕ್ಕೆ ರೇಟ್ ಎಂದು ಹೆಸರು. 100 ಅಥವಾ ಅದಕ್ಕೂ ಹೆಚ್ಚು ಇದ್ದರೆ ಫಸ್ಟ್ ರೇಟ್. ಕೆಳಗಿನ ಐದನೇ, ಆರನೇ ದರ್ಜೆಯಲ್ಲಿ ಫ್ರಿಗೇಟುಗಳು ಬರುತ್ತಿದ್ದವು. ಮೂರನೇ ದರ್ಜೆಯ 74 ಫಿರಂಗಿಯ ಹಡಗು ಎಲ್ಲರಿಗೂ ಅಚ್ಚುಮೆಚ್ಚು, ವೇಗಕ್ಕೂ ಬಲಕ್ಕೂ ಹದವಾಗಿತ್ತು. ಅದಕ್ಕೇ ಪುಸ್ತಕಗಳಲ್ಲಿ ಬರೀ ‘ಸೆವೆಂಟಿಫೋರ್’ ಎಂದು ಬರೆದುಬಿಡುತ್ತಾರೆ, ಹಡಗು ಎಂಬ ಪದವನ್ನೂ ಸೇರಿಸುವುದಿಲ್ಲ. ನಾವು ಇವತ್ತು ‘ಫಸ್ಟ್ ರೇಟ್ ಕೆಲಸ’ ಅನ್ನುತ್ತೇವಲ್ಲ, ಆ ಮಾತು ಈ ದರ್ಜೆಗಳಿಂದಲೇ ಹರಡಿದ್ದು.

ಶಿಪ್ ಆಫ್ ದಿ ಲೈನ್ ಅನ್ನುವುದರಲ್ಲಿ ಲೈನ್ ಅಂದರೆ ಸಾಲು. ದೊಡ್ಡ ಕಾಳಗದಲ್ಲಿ ಹಡಗುಗಳು ಒಂದರ ಹಿಂದೆ ಒಂದು ಸಾಲು ಕಟ್ಟಿ ಶತ್ರುವಿನ ಸಾಲಿಗೆ ಬ್ರಾಡ್‌ಸೈಡ್ ಕೊಡುತ್ತಿದ್ದವು. ಆ ಸಾಲಿನಲ್ಲಿ ನಿಂತು ಏಟು ತಾಳುವಷ್ಟು ಗಟ್ಟಿ ಹಡಗು ಇದು. ಇದನ್ನು ಲೈನ್ ಆಫ್ ಬ್ಯಾಟಲ್ ಶಿಪ್ ಎಂದೂ ಕರೆದರು, ಕೊನೆಗೆ ಅದೇ ಸಣ್ಣದಾಗಿ ಬ್ಯಾಟಲ್‌ಶಿಪ್ ಆಯಿತು. 1805ರ ಟ್ರಫಾಲ್ಗರ್ ಕಾಳಗದಲ್ಲಿ ಬ್ರಿಟಿಷ್ ನೌಕಾ ದಳಪತಿ ನೆಲ್ಸನ್ ಇದ್ದ ವಿಕ್ಟರಿ ಇಂಥ ಫಸ್ಟ್ ರೇಟ್ ಹಡಗು, 104 ಫಿರಂಗಿಯದು. ನೀರಿಗಿಳಿದದ್ದು 1765ರಲ್ಲಿ, ಇವತ್ತಿಗೂ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಇದೆ. ಅದರ ಒಳಗಿನ ಚಿತ್ರಗಳನ್ನು ಒಮ್ಮೆ ನೋಡಿ. ಮೂರು ಅಂತಸ್ತಿನಲ್ಲಿ ಫಿರಂಗಿಗಳ ಸಾಲು ಕಂಡ ಮೇಲೆ ತ್ರೀ ಡೆಕ್ಕರ್ ಎಂಬ ಪದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಫ್ರಿಗೇಟ್ ಅನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮುಖ್ಯ ಫಿರಂಗಿಗಳೆಲ್ಲ ಒಂದೇ ಅಂತಸ್ತಿನಲ್ಲಿ, ಮೂರು ಕಂಬ, ಒಳ್ಳೆಯ ವೇಗ. ಸುದ್ದಿ ತರುವುದು, ಶತ್ರುವಿನ ಜಾಡು ಹಿಡಿಯುವುದು, ವ್ಯಾಪಾರಿ ಹಡಗುಗಳನ್ನು ಕಾಯುವುದು ಇದರ ಕೆಲಸ. ಸಾಲಿನಲ್ಲಿ ನಿಂತು ಕಾದಾಡುವುದಲ್ಲ. ಕಣ್ಣಿಂದ ನೋಡಬಹುದಾದ ಕೆಲವು ಫ್ರಿಗೇಟುಗಳು ಉಳಿದಿವೆ, ಅವುಗಳಲ್ಲಿ ಎರಡು ಇವು. 1797ರ ಕಾನ್‌ಸ್ಟಿಟ್ಯೂಷನ್ ಅಮೆರಿಕದ ಬಾಸ್ಟನ್‌ನಲ್ಲಿದೆ. 1817ರಲ್ಲಿ ಬೊಂಬಾಯಿಯಲ್ಲಿ ತೇಗದ ಮರದಿಂದ ಕಟ್ಟಿದ ಟ್ರಿಂಕೊಮಲೀ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿದೆ.

ಇಲ್ಲಿ ಎಡವುವ ಜಾಗಗಳು ಕೆಲವಿವೆ:

ಫಿರಂಗಿಯ ಸಂಖ್ಯೆಯನ್ನು ಅಕ್ಷರಶಃ ನಂಬಬೇಡಿ. ಕ್ಯಾರನೇಡ್ ಎಂಬ ಗಿಡ್ಡ, ದಪ್ಪ ಬಾಯಿಯ ಫಿರಂಗಿಗಳನ್ನು ಬಹಳ ಕಾಲ ದರ್ಜೆಯ ಲೆಕ್ಕಕ್ಕೆ ಸೇರಿಸುತ್ತಲೇ ಇರಲಿಲ್ಲ. ಕಾನ್‌ಸ್ಟಿಟ್ಯೂಷನ್ ಹೆಸರಿಗೆ 44ರ ಹಡಗು, ಹೊತ್ತದ್ದು 50ಕ್ಕೂ ಹೆಚ್ಚು.

‘32 ಪೌಂಡರ್’ ಅಂದರೆ ಫಿರಂಗಿಯ ತೂಕವೂ ಅಲ್ಲ, ಬೆಲೆಯೂ ಅಲ್ಲ. ಅದು ಹಾರಿಸುವ ಗುಂಡಿನ ತೂಕ 32 ಪೌಂಡು, ಅಂದರೆ ಸುಮಾರು ಹದಿನಾಲ್ಕೂವರೆ ಕಿಲೋ.

ಹಡಗಿನ ಟನ್ ಕೂಡ ಹಡಗಿನ ತೂಕವಲ್ಲ. ಆ ಪದ ಬಂದದ್ದು ದ್ರಾಕ್ಷಾರಸ ತುಂಬುವ ದೊಡ್ಡ ಪೀಪಾಯಿಯ ಹೆಸರಿನಿಂದ. ಎಷ್ಟು ಪೀಪಾಯಿ ಹಿಡಿಯುತ್ತದೆ ಎಂಬ ಅಳತೆಯಿಂದ ಶುರುವಾದದ್ದು. ಹಳೆಯ ಪುಸ್ತಕದಲ್ಲಿ ‘300 ಟನ್ ಬರ್ಡನ್’ ಎಂದಿದ್ದರೆ ಒಳಗಿನ ಜಾಗದ ಅಂದಾಜು ಎಂದು ಓದಿಕೊಳ್ಳಿ.

ಪ್ರೈವೇಟಿಯರ್ ಅಂದರೆ ಕಡಲುಗಳ್ಳ ಅಂತ ಅನುವಾದ ಮಾಡಬೇಡಿ. ಶತ್ರು ದೇಶದ ಹಡಗು ಹಿಡಿಯಲು ಸರ್ಕಾರದಿಂದ ಲಿಖಿತ ಪರವಾನಗಿ ಪಡೆದ ಖಾಸಗಿ ಹಡಗು ಅದು. ಆ ಪರವಾನಗಿಗೆ ಲೆಟರ್ ಆಫ್ ಮಾರ್ಕ್ ಎಂದು ಹೆಸರು. 1856ರ ಪ್ಯಾರಿಸ್ ಘೋಷಣೆಗೆ ಸಹಿ ಹಾಕಿದ ದೇಶಗಳು ಈ ಪದ್ಧತಿಯನ್ನು ಕೈಬಿಟ್ಟವು.

ಉಳಿದ ಹೆಸರುಗಳನ್ನು ಕಾಲದ ಸಾಲಿನಲ್ಲಿ ಇಟ್ಟುಕೊಂಡರೆ ಸಾಕು. ಹುಟ್ಟು ಹಾಕಿ ನಡೆಸುವ ಯುದ್ಧನೌಕೆ ಗ್ಯಾಲಿ. ಅವುಗಳ ಕೊನೆಯ ಮಹಾಕಾಳಗ 1571ರ ಲೆಪಾಂಟೊ. ಹಿಂದೆ ಮುಂದೆ ಎತ್ತರದ ಕೋಟೆಯಂಥ ಕಟ್ಟಡವಿದ್ದ ದಪ್ಪ ಹಡಗು ಕ್ಯಾರಕ್. ಅದರ ಮುಂದಿನ ಕಟ್ಟಡವನ್ನು ತಗ್ಗಿಸಿ, ಉದ್ದ ಮಾಡಿ ಕಟ್ಟಿದ್ದು ಗ್ಯಾಲಿಯನ್. 1588ರಲ್ಲಿ ಇಂಗ್ಲೆಂಡಿನ ಮೇಲೆ ಹೊರಟ ಸ್ಪೇನಿನ ನೌಕಾಪಡೆ ಆರ್ಮಡಾದ ವರ್ಣನೆಯಲ್ಲಿ ಇದು ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಮ್ಯಾನ್ ಆಫ್ ವಾರ್ ಅಂದರೆ ಯುದ್ಧ ಮಾಡುವ ಮನುಷ್ಯನಲ್ಲ, ಯಾವುದೇ ಯುದ್ಧನೌಕೆ. ಮರದ ಹಡಗಿಗೆ ಕಬ್ಬಿಣದ ಹೊದಿಕೆ ಬಂದ ಮೇಲೆ ಐರನ್‌ಕ್ಲ್ಯಾಡ್, 1859ರ ಫ್ರಾನ್ಸಿನ ಗ್ಲುವಾರ್‌ನಿಂದ ಈಚೆಗೆ. 1906ರಲ್ಲಿ ಬ್ರಿಟನ್ನಿನ ಡ್ರೆಡ್‌ನಾಟ್ ಬಂದಾಗ ಅದು ಎಷ್ಟು ಹೊಸತಾಗಿತ್ತೆಂದರೆ, ಅಂಥ ಎಲ್ಲ ಹಡಗುಗಳಿಗೂ ಅದರ ಹೆಸರೇ ಬಂತು, ಹಿಂದಿನವು ಪ್ರೀ ಡ್ರೆಡ್‌ನಾಟ್ ಆದವು. ಡಿಸ್ಟ್ರಾಯರ್ ಎಂಬುದು ಟಾರ್ಪಿಡೋ ಬೋಟ್ ಡಿಸ್ಟ್ರಾಯರ್ ಎಂಬ ಉದ್ದ ಹೆಸರಿನ ತುಂಡು.

ಫ್ರಿಗೇಟ್, ಕಾರ್ವೆಟ್ ಎಂಬ ಹೆಸರುಗಳನ್ನು ಎರಡನೇ ಮಹಾಯುದ್ಧದಲ್ಲಿ ಸಬ್‌ಮರೀನ್ ಬೇಟೆಯಾಡುವ ಹಡಗುಗಳಿಗೆ ಮತ್ತೆ ಎತ್ತಿಕೊಂಡರು. ಇವತ್ತಿನ ಸುದ್ದಿಯಲ್ಲಿ ಬರುವ ಫ್ರಿಗೇಟಿನ ಚಿತ್ರ ತಲೆಯಲ್ಲಿಟ್ಟುಕೊಂಡು 1800ರ ಕಥೆ ಓದಬೇಡಿ.

5. ಅಚ್ಚುಹಾಳೆಯಾದರೆ ಮಡಿಕೆ ಎಣಿಸಿ

ಕೈಯಿಂದ ಮಾಡಿದ ಕಾಗದದ ಕಾಲದಲ್ಲಿ ಎಲ್ಲ ಅಳತೆಯೂ ಇಡೀ ಹಾಳೆಯಿಂದ ಶುರು. ಒಂದು ಸಲ ಮಡಚಿದರೆ 2 ಎಲೆ, 4 ಪುಟ, ಅದು ಫೋಲಿಯೊ. ಎರಡು ಸಲ ಮಡಚಿದರೆ 4 ಎಲೆ, 8 ಪುಟ, ಕ್ವಾರ್ಟೊ. ಮೂರು ಸಲ ಮಡಚಿದರೆ 8 ಎಲೆ, 16 ಪುಟ, ಆಕ್ಟಾವೊ. ಒಂದು ಪೇಪರ್ ತೆಗೆದುಕೊಂಡು ಈಗಲೇ ಮಡಚಿ ನೋಡಿ, ಮತ್ತೆ ಮರೆಯುವುದಿಲ್ಲ. ಕನ್ನಡ ಪುಸ್ತಕಗಳ ಮುದ್ರಣ ವಿವರದಲ್ಲಿ ‘ಡೆಮಿ 1/8’ ಎಂದು ಕಾಣುವುದೂ ಇದೇ ಲೆಕ್ಕ, ಡೆಮಿ ಎಂಬ ಅಳತೆಯ ಹಾಳೆಯ ಎಂಟನೇ ಒಂದು ಭಾಗ.

ಹಾಗಾಗಿ ಫೋಲಿಯೊ ಅಂದರೆ ದೊಡ್ಡ ಪುಸ್ತಕ, ಕ್ವಾರ್ಟೊ ಅಂದರೆ ಚಿಕ್ಕ ಪುಸ್ತಕ ಎಂಬ ಉತ್ತರ ಅರ್ಧ ಮಾತ್ರ ಸರಿ. ಇಡೀ ಹಾಳೆಯೇ ದೊಡ್ಡದಿದ್ದರೆ ಅದರ ಕ್ವಾರ್ಟೊ, ಸಣ್ಣ ಹಾಳೆಯ ಫೋಲಿಯೊಗೆ ಸಮ ಬರಬಹುದು. 1623ರಲ್ಲಿ ಬಂದ ಷೇಕ್ಸ್‌ಪಿಯರ್‌ನ 36 ನಾಟಕಗಳ ಸಂಪುಟಕ್ಕೆ ಫಸ್ಟ್ ಫೋಲಿಯೊ ಎಂಬ ಹೆಸರು ಬಂದದ್ದು ಮಡಿಕೆಯಿಂದ. ಇದಲ್ಲದೆ ಫೋಲಿಯೊಗೆ ಎಲೆಯ ಸಂಖ್ಯೆ, ಪುಟದ ಸಂಖ್ಯೆ ಎಂಬ ಅರ್ಥಗಳೂ ಇವೆ.

ಹಳೆಯ ಎಲೆಯೊಂದು ಕೈಗೆ ಸಿಕ್ಕರೆ ಬೆಳಕಿಗೆ ಹಿಡಿಯಿರಿ. ಕಾಗದದೊಳಗೆ ಸಮದೂರದಲ್ಲಿ ತೆಳು ಗೆರೆಗಳು ಕಾಣುತ್ತವೆ. ಕಾಗದ ಸೋಸಿದ ಚೌಕಟ್ಟಿನ ತಂತಿಯ ಗುರುತು ಅವು, ಚೈನ್ ಲೈನ್ ಎನ್ನುತ್ತಾರೆ. ಸಾಮಾನ್ಯವಾಗಿ ಫೋಲಿಯೊದಲ್ಲಿ ಗೆರೆ ಮೇಲಿಂದ ಕೆಳಕ್ಕೆ ಇರುತ್ತದೆ, ಕ್ವಾರ್ಟೊದಲ್ಲಿ ಅಡ್ಡ, ಆಕ್ಟಾವೊದಲ್ಲಿ ಮತ್ತೆ ಮೇಲಿಂದ ಕೆಳಕ್ಕೆ. ಕಾಗದ ತಯಾರಕನ ಗುರುತಾದ ವಾಟರ್‌ಮಾರ್ಕ್ ಫೋಲಿಯೊದಲ್ಲಿ ಎಲೆಯ ನಡುವೆ, ಕ್ವಾರ್ಟೊದಲ್ಲಿ ಹೊಲಿಗೆಯ ಮಡಿಕೆಯಲ್ಲಿ ಸಿಗುತ್ತದೆ. ಹಾಳೆಯ ಮೇಲಿರುವ ಅಕ್ಷರ ಏನೇ ಹೇಳಲಿ, ಮಡಿಕೆಯ ಕಥೆಯನ್ನು ಈ ಗೆರೆಗಳು ಹೇಳುತ್ತವೆ.

ಫುಲ್‌ಸ್ಕೇಪ್ ಹಾಳೆ ನಮಗೆಲ್ಲ ಗೊತ್ತು. ಅದರಲ್ಲಿ ‘ಫುಲ್’ ಅಂದರೆ ಪೂರ್ತಿ ಎಂದಲ್ಲ. ಮೂಲ ಪದ ಫೂಲ್ಸ್ ಕ್ಯಾಪ್. ವಿದೂಷಕನ ಗೆಜ್ಜೆ ಟೋಪಿಯ ವಾಟರ್‌ಮಾರ್ಕ್ ಇದ್ದ ಕಾಗದದ ಅಳತೆ ಅದು.

ಬೀದಿಯಲ್ಲಿ ಮಾರುತ್ತಿದ್ದ ಸರಕಿಗೆ ಬೇರೆ ಹೆಸರುಗಳಿವೆ. ಚಾಪ್‌ಬುಕ್ ಅಂದರೆ ತಲೆಹೊರೆ ವ್ಯಾಪಾರಿಗಳು ಊರೂರು ಸುತ್ತಿ ಮಾರುತ್ತಿದ್ದ, ಹಾಳೆ ಮಡಚಿ ಮಾಡಿದ ಅಗ್ಗದ ಕಿರುಪುಸ್ತಕ. ಬ್ರಾಡ್‌ಸೈಡ್ ಬ್ಯಾಲಡ್ ಅಂದರೆ ಒಂದೇ ಹಾಳೆಯ ಕಥನಗೀತೆ. ಮೇಲೆ ಮರದ ಅಚ್ಚಿನ ಚಿತ್ರ, ಕೆಳಗೆ ಪದ್ಯ, ಯಾವ ಧಾಟಿಯಲ್ಲಿ ಹಾಡಬೇಕು ಎಂಬ ಸೂಚನೆ. ಸ್ವರಲಿಪಿ ಸಾಮಾನ್ಯವಾಗಿ ಇರುವುದಿಲ್ಲ, ಧಾಟಿ ಎಲ್ಲರಿಗೂ ಬಾಯಿಪಾಠ. ಇಂಥವನ್ನು ಓದಿ ಬಿಸಾಡುತ್ತಿದ್ದರು. ಉಳಿದದ್ದು ಕೂಡಿಟ್ಟವರ ಪುಣ್ಯದಿಂದ. 17ನೇ ಶತಮಾನದಲ್ಲಿ ನೌಕಾಪಡೆಯ ಆಡಳಿತ ನೋಡಿಕೊಳ್ಳುತ್ತಿದ್ದ ಸ್ಯಾಮ್ಯುಯಲ್ ಪೀಪ್ಸ್ ಸುಮಾರು 1,800 ಬ್ಯಾಲಡ್ ಹಾಳೆ ಸೇರಿಸಿಟ್ಟಿದ್ದ. ಅವು ಕೇಂಬ್ರಿಡ್ಜಿನ ಮಾಡ್ಲಿನ್ ಕಾಲೇಜಿನಲ್ಲಿ ಇವೆ. ಈ ಹಾಳೆಗಳ ವಿವರಣೆಯಲ್ಲಿ ‘ಬ್ಲ್ಯಾಕ್ ಲೆಟರ್’ ಎಂದು ಬಂದರೆ ಅದು ಶಾಯಿಯ ಬಣ್ಣವಲ್ಲ, ಗಾತಿಕ್ ಅಚ್ಚಕ್ಷರದ ಹೆಸರು.

ಬ್ರಾಡ್‌ಶೀಟ್ ಮೊದಲು ಬ್ರಾಡ್‌ಸೈಡ್‌ನ ಜೊತೆಜೊತೆಗೇ, ಒಂದೇ ಅರ್ಥದಲ್ಲಿ ನಡೆಯುತ್ತಿತ್ತು. ಆಮೇಲೆ ಅಗಲ ಹಾಳೆಯ ದಿನಪತ್ರಿಕೆಗೆ ಹೆಸರಾಯಿತು. ಟ್ಯಾಬ್ಲಾಯ್ಡ್‌ನ ಹುಟ್ಟು ಇನ್ನೂ ವಿಚಿತ್ರ. 1884ರಲ್ಲಿ ಬರೋಸ್ ವೆಲ್ಕಮ್ ಎಂಬ ಔಷಧ ಕಂಪನಿ ಒತ್ತಿ ಮಾಡಿದ ಮಾತ್ರೆಗೆ ಈ ಹೆಸರನ್ನು ನೋಂದಾಯಿಸಿತ್ತು. ಅಡಕ ಎಂಬ ಅರ್ಥ ಅಲ್ಲಿಂದ ಚಿಕ್ಕ ಪತ್ರಿಕೆಗೆ ಹತ್ತಿತು.

ರೀಮ್ ಅಂದರೆ ಈಗ 500 ಹಾಳೆ. ಹಳೆಯ ಲೆಕ್ಕದಲ್ಲಿ ಹೆಚ್ಚಾಗಿ 480, ಅಂದರೆ 24 ಹಾಳೆಯ 20 ಕಟ್ಟು. ಹಳೆಯ ಮುದ್ರಕನ ಖರ್ಚಿನ ಪಟ್ಟಿ ಓದುವಾಗ ಇದು ನೆನಪಿರಲಿ.

6. ಸರಿಯಾದ ನಿಘಂಟಿನಲ್ಲಿ, ಸರಿಯಾದ ಕಾಗುಣಿತದಲ್ಲಿ ಹುಡುಕಿ

ಪದ ಬರೆದ ಕಾಲದ ನಿಘಂಟೇ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಸಾಮಾನ್ಯ ಪದಗಳಿಗೆ 1755ರ ಸ್ಯಾಮ್ಯುಯಲ್ ಜಾನ್ಸನ್ ನಿಘಂಟು ಇದೆ. ಹಡಗಿನ ಪದಗಳಿಗೆ 1769ರಲ್ಲಿ ವಿಲಿಯಂ ಫಾಲ್ಕನರ್ ಮಾಡಿದ ನೌಕಾ ನಿಘಂಟು ಇದೆ. ಆತ ಸ್ವತಃ ನಾವಿಕ, ಹಗ್ಗ ಹಗ್ಗದ ಹೆಸರೂ ಬಲ್ಲವನು. ಭಾರತಕ್ಕೆ ಹೊರಟಿದ್ದ ಅರೋರಾ ಎಂಬ ಫ್ರಿಗೇಟಿನಲ್ಲಿ ಹೋಗುತ್ತಿದ್ದಾಗ, ಹಡಗಿನ ಜೊತೆ ಅವನೂ ಸಮುದ್ರದಲ್ಲಿ ಇಲ್ಲವಾದ. ಈ ಎರಡೂ ನಿಘಂಟುಗಳ ಸ್ಕ್ಯಾನ್ ಪ್ರತಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ಹುಡುಕುವಾಗ ಒಂದು ತೊಡಕು. ಸುಮಾರು 1800ಕ್ಕಿಂತ ಹಿಂದಿನ ಇಂಗ್ಲಿಷ್ ಅಚ್ಚಿನಲ್ಲಿ ಪದದ ಮೊದಲಲ್ಲಿ, ನಡುವೆ ಬರುವ ‘ಎಸ್’ ಅಕ್ಷರ ಉದ್ದವಾಗಿದ್ದು ‘ಎಫ್’ ಥರ ಕಾಣುತ್ತದೆ. ಸ್ಕ್ಯಾನ್ ಪ್ರತಿಯನ್ನು ಓದುವ ಸಾಫ್ಟ್‌ವೇರ್ ಕೂಡ ಅದನ್ನು ‘ಎಫ್’ ಎಂದೇ ಓದಿಬಿಡುತ್ತದೆ. ಹೀಗಾಗಿ ಶಿಪ್, ಸ್ವರ್ಡ್, ಸ್ಲೂಪ್ ಎಂದು ಹುಡುಕಿದರೆ ಏನೂ ಸಿಗದೇ ಹೋಗಬಹುದು. ಮೊದಲ ‘ಎಸ್’ ತೆಗೆದು ‘ಎಫ್’ ಹಾಕಿ ಇನ್ನೊಮ್ಮೆ ಹುಡುಕಿ. ಕಾಗುಣಿತವೂ ಆಗ ಗಟ್ಟಿಯಾಗಿರಲಿಲ್ಲ. ಕಟ್ಲಾಸ್ ಅನ್ನು ಕಟ್ಲಾಶ್ ಎಂದು ಬರೆದವರಿದ್ದಾರೆ. ಎರಡು ಮೂರು ರೂಪ ಪ್ರಯತ್ನಿಸದೆ ‘ಇಲ್ಲ’ ಎಂದು ತೀರ್ಮಾನಿಸಬೇಡಿ.

7. ಒಂದು ವಾಕ್ಯ ಬಿಡಿಸಿ ನೋಡೋಣ

ಉದಾಹರಣೆಗೆಂದು ನಾನೇ ಕಟ್ಟಿದ ವಾಕ್ಯಗಳು ಇವು. 1800ರ ಸುಮಾರಿಗೆ ಬರೆದದ್ದು ಎಂದಿಟ್ಟುಕೊಳ್ಳಿ: ‘ಸ್ಲೂಪಿನ ಕ್ಯಾಪ್ಟನ್ ಹ್ಯಾಂಗರ್ ಹಿರಿದ. ಆಚೆಯ 38 ತನ್ನ ಬ್ರಾಡ್‌ಸೈಡ್ ಕೊಟ್ಟಿತು. ತಿಂಗಳೊಳಗೆ ಲಂಡನ್ನಿನಲ್ಲಿ ಈ ಕಾಳಗದ ಬ್ರಾಡ್‌ಸೈಡ್ ಒಂದು ಪೆನ್ನಿ ಕಾಸಿಗೊಂದರಂತೆ ಹೋಯಿತು.’

ಕ್ಯಾಪ್ಟನ್ ಇದ್ದಾನೆ, ಕಾಳಗ ಇದೆ, ಆದ್ದರಿಂದ ಇದು ನೌಕಾಪಡೆಯ ಸ್ಲೂಪ್. ಒಂದೇ ಕಂಬ ಎಂದು ಊಹಿಸುವಂತಿಲ್ಲ. ಇನ್ನೊಂದು ಸೂಕ್ಷ್ಮ: ಸ್ಲೂಪನ್ನು ನಡೆಸುವವನ ದರ್ಜೆ ಕಮಾಂಡರ್, ಕ್ಯಾಪ್ಟನ್ ಎನ್ನುವುದು ಮರ್ಯಾದೆಯ ಸಂಬೋಧನೆ. ಹಿರಿದದ್ದು ಒರೆಯಿಂದ, ಹಾಗಾಗಿ ಹ್ಯಾಂಗರ್ ಗಿಡ್ಡ ಕತ್ತಿ. ‘ಆಚೆಯ 38’ ಅಂದರೆ 38 ಫಿರಂಗಿಯ ಫ್ರಿಗೇಟ್. ಸ್ಲೂಪಿಗಿಂತ ಎರಡರಷ್ಟು ಬಲದ್ದು, ಕ್ಯಾರನೇಡ್ ಸೇರಿಸಿದರೆ ಇನ್ನೂ ಜಾಸ್ತಿ. ಈ ಸ್ಲೂಪಿಗೆ ಗೆಲ್ಲುವ ಆಸೆ ಕಡಿಮೆ ಎಂದು ಬರೆದವನು ಒಂದು ಸಂಖ್ಯೆಯಲ್ಲೇ ಹೇಳಿಬಿಟ್ಟಿದ್ದಾನೆ. ಮೊದಲ ಬ್ರಾಡ್‌ಸೈಡನ್ನು ಕೊಟ್ಟಿದ್ದಾರೆ, ಅದು ಫಿರಂಗಿ. ಎರಡನೆಯದನ್ನು ಮಾರಿದ್ದಾರೆ, ಅದು ಹಾಳೆ.

8. ಕನ್ನಡಕ್ಕೆ ತರುವಾಗ

ಅನುವಾದ ಮಾಡುವವರು, ಮಕ್ಕಳಿಗೆ ಓದಿ ಹೇಳುವವರು ಇದನ್ನು ಗಮನಿಸಿ. ಎಲ್ಲವನ್ನೂ ಖಡ್ಗ, ಹಡಗು, ಕರಪತ್ರ ಎಂದು ಬರೆದರೆ ಮೂಲದಲ್ಲಿದ್ದ ಮಾಹಿತಿ ಸೋರಿಹೋಗುತ್ತದೆ. ನನಗೆ ಸರಿ ಕಾಣುವ ಕ್ರಮ ಇದು. ಪದ ಮೊದಲ ಸಲ ಬಂದಾಗ ಮೂಲ ಹೆಸರನ್ನೇ ಇಟ್ಟು ಜೊತೆಗೆ ಎರಡು ಮೂರು ಪದದ ವಿವರಣೆ ಹೊಂದಿಸಿ: ‘ನಾವಿಕರ ಗಿಡ್ಡ ಕತ್ತಿ ಕಟ್ಲಾಸ್’, ‘ಒಂದೇ ಫಿರಂಗಿ ಅಂತಸ್ತಿನ ವೇಗದ ಯುದ್ಧನೌಕೆ ಫ್ರಿಗೇಟ್’. ಆಮೇಲೆ ಬರೀ ಕತ್ತಿ, ಹಡಗು ಅಂದರೂ ನಡೆಯುತ್ತದೆ. ಅಡಿಟಿಪ್ಪಣಿ ಹಾಕಿದರೆ ಓದು ನಿಂತು ನಿಂತು ಸಾಗುತ್ತದೆ, ಆದಷ್ಟು ವಾಕ್ಯದೊಳಗೇ ಮುಗಿಸಿ.

ನಮ್ಮ ಆಯುಧಗಳ ಹೆಸರನ್ನು ಅವರ ಆಯುಧಕ್ಕೆ ಕೊಡುವಾಗಲೂ ಹುಷಾರು. ರೇಪಿಯರ್ ಅನ್ನು ಕಠಾರಿ ಎಂದು ಬರೆದರೆ ಗಜ ಉದ್ದದ ಅಲಗು ಗೇಣುದ್ದಕ್ಕೆ ಇಳಿದುಬಿಡುತ್ತದೆ, ಆಮೇಲೆ ಕಥೆಯಲ್ಲಿ ಇಬ್ಬರು ಆರಡಿ ದೂರ ನಿಂತು ಕಾದಾಡುವ ದೃಶ್ಯ ಅರ್ಥವೇ ಆಗುವುದಿಲ್ಲ. ಸಿಮಿಟರ್ ಬಂದಾಗ ಮಾತ್ರ ತಲವಾರ್ ಎಂದು ಬರೆಯುವ ಸ್ವಾತಂತ್ರ್ಯ ಕೆಲವೊಮ್ಮೆ ಇದೆ, ಅದೂ ಕಥೆಯಲ್ಲಿ ಆ ಕತ್ತಿ ಹಿಡಿದವನು ಭಾರತದವನಾಗಿದ್ದರೆ.

ನೋಟ್‌ಬುಕ್ಕಿನಲ್ಲಿ ಪ್ರತಿ ಪದದ ಮುಂದೆ ಅರ್ಥದ ಜೊತೆ ಪುಸ್ತಕದ ಇಸವಿಯನ್ನೂ ಬರೆಯಿರಿ. ಅದೇ ಪದ ಐವತ್ತು ವರ್ಷ ಆಚೀಚಿನ ಇನ್ನೊಂದು ಪುಸ್ತಕದಲ್ಲಿ ಸಿಕ್ಕಾಗ ಹಳೆಯ ಟಿಪ್ಪಣಿಯನ್ನು ಹೊಡೆದು ಹಾಕಬೇಡಿ, ಅದರ ಕೆಳಗೆ ಹೊಸ ಇಸವಿ, ಹೊಸ ಅರ್ಥ ಸೇರಿಸಿ.